ಮನಸ್ಸಿಗೆ ಒಪ್ಪುವ ಕಲೆ, ಮನಸ್ಸಿಗೆ ಒಪ್ಪುವ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿತ್ರ ಬರೆದು ಬದುಕುವವಳು. ಮಕ್ಕಳ ಪುಸ್ತಕ, ಪತ್ರಿಕೆ, ಪುಸ್ತಕದ ಮುಖಪುಟ, ಇವು ನನ್ನ ಕೆಲಸ. ಈ ದಾರಿಗೆ ಹೊಸದಾಗಿ ಬರುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಬರೆಯುವವರಿರಲಿ, ಹಾಡುವವರಿರಲಿ, ಫೋಟೊ ತೆಗೆಯುವವರಿರಲಿ, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಎರಡು ಮಾತಿಗೆ: ಹೊಟ್ಟೆಪಾಡು ಹೇಗೆ? ಒಳಗೆ ಚುಚ್ಚುವ ಕೆಲಸ ಮಾಡದೆ ಇರುವುದು ಹೇಗೆ? ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೌಲ್ಯ ಅಂದರೆ ಏನು? ಕೇಳೋಕೆ ತುಂಬ ದೊಡ್ಡ ಮಾತು ಅನ್ನಿಸುತ್ತೆ.

ಅಷ್ಟು ದೊಡ್ಡದೇನಲ್ಲ. ಯಾವುದಕ್ಕಾಗಿ ನೀವು ಹಣ, ಸಮಯ, ನಿದ್ದೆ ಬಿಟ್ಟುಕೊಡಲು ತಯಾರಿದ್ದೀರೋ ಅದು ನಿಮ್ಮ ಮೌಲ್ಯ. ಬಾಯಲ್ಲಿ ಹೇಳುವುದು ಸುಲಭ. ಪ್ರಾಮಾಣಿಕತೆ, ಸ್ವಾತಂತ್ರ್ಯ, ಕುಟುಂಬ ಅಂತ ಎಲ್ಲರೂ ಹೇಳುತ್ತೇವೆ. ಎರಡು ಬೇಕುಗಳು ಒಟ್ಟಿಗೆ ಎದುರಾದಾಗ ಯಾವುದನ್ನು ಬಿಟ್ಟಿರಿ ಅನ್ನುವುದರಲ್ಲಿ ನಿಜ ಗೊತ್ತಾಗುತ್ತದೆ.

ಶಾಲೋಮ್ ಶ್ವಾರ್ಟ್ಸ್ ಎಂಬ ಮನಶ್ಶಾಸ್ತ್ರಜ್ಞ ಬೇರೆ ಬೇರೆ ದೇಶಗಳ ಜನರನ್ನು ಕೇಳಿ, ಹತ್ತು ಮೂಲ ಮೌಲ್ಯಗಳಿವೆ ಎಂದು 1992ರಲ್ಲಿ ಬರೆದರು. ಆ ಹತ್ತನ್ನೂ ಅವರು ಒಂದು ಚಕ್ರದಲ್ಲಿ ಜೋಡಿಸಿದ್ದಾರೆ. ಅಕ್ಕಪಕ್ಕದವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಎದುರುಬದುರು ಇರುವವು ಎಳೆದಾಡುತ್ತವೆ. ನಮ್ಮ ದಾರಿಯನ್ನು ನಾವೇ ಆರಿಸಿಕೊಳ್ಳಬೇಕು ಅನ್ನುವುದು ಚಕ್ರದ ಒಂದು ಕಡೆ ಇದ್ದರೆ, ಭದ್ರವಾಗಿರಬೇಕು ಅನ್ನುವುದು ಇನ್ನೊಂದು ಕಡೆ. ಇದನ್ನು ಓದಿದ ದಿನ ನನಗೆ ತುಂಬ ಸಮಾಧಾನ ಆಯಿತು. ಎರಡೂ ಬೇಕು ಅನ್ನಿಸಿ ಒದ್ದಾಡುವುದು ನನ್ನೊಬ್ಬಳ ದೌರ್ಬಲ್ಯ ಅಂದುಕೊಂಡಿದ್ದೆ. ಹಾಗಲ್ಲ, ಆ ಎಳೆದಾಟ ಎಲ್ಲರಲ್ಲೂ ಇದೆ.

ನನ್ನ ಮೌಲ್ಯ ಯಾವುದು ಅಂತ ಕಂಡುಕೊಳ್ಳೋದು ಹೇಗೆ?

ಪಟ್ಟಿ ಓದಿ ಟಿಕ್ ಹಾಕಿದರೆ ಗೊತ್ತಾಗುವುದಿಲ್ಲ. ಮಾಡಿದ ಕೆಲಸವನ್ನು ನೋಡಬೇಕು.

ನನಗೆ ಗೊತ್ತಾದದ್ದು ಒಂದು ಕ್ರೀಮಿನ ಜಾಹೀರಾತಿನಿಂದ. ಫ್ರೀಲ್ಯಾನ್ಸ್, ಅಂದರೆ ನೌಕರಿಯಿಲ್ಲದೆ ಬಿಡಿ ಬಿಡಿ ಕೆಲಸ ಹಿಡಿದು ದುಡಿಯುವುದು, ಶುರುಮಾಡಿ ಎರಡನೇ ವರ್ಷ. ಬಾಡಿಗೆ ಎರಡು ತಿಂಗಳದ್ದು ಬಾಕಿ ಇತ್ತು. ಒಂದು ಹುಡುಗಿಯ ಮುಖವನ್ನು ಸಾಲಾಗಿ ಐದು ಸಲ ಬರೆಯಬೇಕಿತ್ತು. ಮೊದಲನೆಯದು ಕಪ್ಪು, ಸಪ್ಪೆ ಮೋರೆ. ಐದನೆಯದು ಬೆಳ್ಳಗೆ, ನಗು. ಒಂದೇ ಮುಖ ಬರೆದು, ಐದು ಪ್ರತಿ ಮಾಡಿಕೊಂಡು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಬಣ್ಣ ತೆಗೆಯುತ್ತಾ ಹೋದೆ. ಮಗಳು ಪಕ್ಕದಲ್ಲೇ ಮಲಗಿದ್ದಳು, ಅವಳಿಗೆ ಆಗ ಮೂರು ವರ್ಷ. ಎರಡನೇ ಮುಖ ಮುಗಿಸಿ ಮೂರನೆಯದಕ್ಕೆ ಬಂದಾಗ ಸ್ಕ್ರೀನಿನ ಮೇಲಿದ್ದ ಬಣ್ಣ ಅವಳ ಕೆನ್ನೆಯ ಬಣ್ಣವನ್ನು ದಾಟಿ ಮುಂದೆ ಹೋಗಿತ್ತು. ಅಂದರೆ ನನ್ನ ಮಗಳು ಆ ಸಾಲಿನಲ್ಲಿ ಎರಡನೆಯವಳು. ಸಪ್ಪೆ ಮೋರೆಯವಳು.

ಕೆಲಸ ಮುಗಿಸಿ ಕಳಿಸಿದೆ. ಹಣ ಬಂತು, ಬಾಡಿಗೆ ಕಟ್ಟಿದೆ. ಚಿತ್ರದ ಮೂಲೆಯಲ್ಲಿ ಸಹಿ ಮಾತ್ರ ಹಾಕಲಿಲ್ಲ. ಸಹಿ ಹಾಕಲು ಕೈ ಬರಲಿಲ್ಲ ಅಲ್ವಾ, ಅಲ್ಲೇ ನನಗೆ ಉತ್ತರ ಸಿಕ್ಕಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಕೆಲಸ ಮುಗಿದ ಮೇಲೆ ಮೂರು ಸಾಲು ಬರೆಯುತ್ತೇನೆ: ಯಾರಿಗೆ ಮಾಡಿದೆ, ಮಾಡುವಾಗ ಹೇಗಿತ್ತು, ಸಹಿ ಹಾಕಲು ಮನಸ್ಸು ಬಂತಾ. ಒಂದು ವರ್ಷ ಆದ ಮೇಲೆ ತಿರುಗಿಸಿ ನೋಡಿ. ನೀವು ಹೇಳಿಕೊಳ್ಳುವ ಮೌಲ್ಯ ಯಾವುದು, ನಿಜವಾಗಿ ನಿಮ್ಮನ್ನು ನಡೆಸುತ್ತಿರುವುದು ಯಾವುದು ಅನ್ನುವುದು ನಿಮ್ಮ ಕೈಬರಹದಲ್ಲೇ ಇರುತ್ತದೆ.

ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ತಿ ಕಲೆಗೇ ಇಳಿಯಲಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಆತುರ ಬೇಡ ಅನ್ನುವುದೇ ನನ್ನ ಉತ್ತರ.

ಸಂಬಳದ ಕೆಲಸ ಮಾಡಿದರೆ ಕಲೆಗೆ ದ್ರೋಹ ಅನ್ನುವ ಭಾವನೆ ಎಲ್ಲಿಂದ ಬಂತೋ ಗೊತ್ತಿಲ್ಲ, ಅದು ಸುಳ್ಳು. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರೊಲೋಪ್ 1834ರಿಂದ 1867ರವರೆಗೆ ಅಂಚೆ ಇಲಾಖೆಯಲ್ಲಿ ದುಡಿದರು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಪ್ರತಿ ಹದಿನೈದು ನಿಮಿಷಕ್ಕೆ 250 ಪದ ಬರೆಯುತ್ತಿದ್ದರು. ಆಮೇಲೆ ಕಚೇರಿ. ಅವರು ಬರೆದ ಕಾದಂಬರಿಗಳು 47. ಕವಿ ಟಿ.ಎಸ್. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಬ್ಯಾಂಕಿನಲ್ಲಿದ್ದರು. ಸ್ನೇಹಿತರು ಹಣ ಕೂಡಿಸಿ ಅವರನ್ನು ಅಲ್ಲಿಂದ ಬಿಡಿಸಲು ನೋಡಿದರು. ಅವರು ಆ ದಾರಿ ಹಿಡಿಯಲಿಲ್ಲ. ಬ್ಯಾಂಕು ಬಿಟ್ಟದ್ದು ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ. ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಕೊಳಾಯಿ ರಿಪೇರಿ ಮಾಡಿದ್ದಾರೆ, ಟ್ಯಾಕ್ಸಿ ಓಡಿಸಿದ್ದಾರೆ. 1976ರಲ್ಲಿ ಅವರ ಒಪೆರಾ (ಹಾಡಿನ ನಾಟಕ) ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ಹೌಸಿನ ವೇದಿಕೆ ಹತ್ತಿದ ಮೇಲೂ ಟ್ಯಾಕ್ಸಿ ಬಿಟ್ಟಿರಲಿಲ್ಲ.

ಇವರ ಸಂಬಳದ ಕೆಲಸ ಇವರ ಕಲೆಯನ್ನು ಕಾಪಾಡಿತು. ಯಾರೋ ಹೇಳಿದಂತೆ ಬರೆಯುವ ಅಗತ್ಯ ಬರಲಿಲ್ಲ. ಮನಸ್ಸಿಗೆ ಬಾರದ್ದಕ್ಕೆ 'ಬೇಡ' ಅನ್ನುವ ಶಕ್ತಿ ತಿಂಗಳ ಸಂಬಳದಿಂದ ಬರುತ್ತದೆ. ಕ್ರೀಮಿನ ಚಿತ್ರ ಬರೆದಾಗ ನನಗೆ ಇಲ್ಲದೇ ಇದ್ದದ್ದು ಅದೇ.

ಆದರೆ ಎಂಥ ಕೆಲಸ ಅನ್ನುವುದು ಮುಖ್ಯ. ಮೊದಲು ನಾನು ಒಂದು ಕಡೆ ಇಡೀ ದಿನ ಪುಟವಿನ್ಯಾಸ ಮಾಡುತ್ತಿದ್ದೆ. ಸಂಜೆ ಮನೆಗೆ ಬಂದು ಪೆನ್ಸಿಲ್ ಹಿಡಿದರೆ ಕಣ್ಣೂ ಸೋತಿರುತ್ತಿತ್ತು, ಕೈಯೂ ಸೋತಿರುತ್ತಿತ್ತು. ಆಮೇಲೆ ಅರ್ಧ ದಿನ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನನ್ನ ಒಳ್ಳೆಯ ಚಿತ್ರಗಳು ಹುಟ್ಟಿದ್ದು ಆ ನಾಲ್ಕು ವರ್ಷದಲ್ಲಿ. ಕಲೆಗೆ ಬೇಕಾದ ಶಕ್ತಿಯನ್ನೇ ಹೀರಿಕೊಳ್ಳುವ ನೌಕರಿಗಿಂತ, ಸಂಬಂಧ ಇಲ್ಲದ ನೌಕರಿ ಎಷ್ಟೋ ವಾಸಿ. ಕಲೆಗೆ 'ಹತ್ತಿರದ' ಕೆಲಸ ಹುಡುಕುವವರು ಇದನ್ನೊಮ್ಮೆ ಯೋಚಿಸಬೇಕು. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ, ಹತ್ತಿರ ಹೋದರೆ ದಿನವಿಡೀ ಬೇರೆಯವರ ಕಲ್ಲು ಒಡೆಯುವುದೇ ಆಗುತ್ತದೆ.

ಕೊನೆಗೂ ಬಿಡೋದೇ ಆದರೆ ಎಷ್ಟು ಹಣ ಕೈಯಲ್ಲಿರಬೇಕು?

ಒಂದು ವರ್ಷದ ಖರ್ಚಿಗೆ ಆಗುವಷ್ಟು. ಆರು ತಿಂಗಳು ಸಾಕು ಅಂತ ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕೆಲಸ ಸಿಗಲು ಮೂರು ತಿಂಗಳು, ಮಾಡಿ ಮುಗಿಸಲು ಎರಡು ತಿಂಗಳು, ಹಣ ಕೈಗೆ ಬರಲು ಇನ್ನೆರಡು ತಿಂಗಳು. ಲೆಕ್ಕ ಹಾಕಿ, ಆಗಲೇ ಏಳು ತಿಂಗಳಾಯಿತು.

ಉಳಿತಾಯದಷ್ಟೇ ಮುಖ್ಯವಾದದ್ದು ತಿಂಗಳ ಖರ್ಚು. ಕಂತುಗಳನ್ನು ಮೊದಲು ಮುಗಿಸಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಹಿರಿಯರ ಮಾತನ್ನು ಜಿಪುಣತನದ ಪಾಠ ಅಂದುಕೊಂಡಿದ್ದೆ. ಫ್ರೀಲ್ಯಾನ್ಸ್‌ಗೆ ಬಂದ ಮೇಲೆ ಅದರ ಬೆಲೆ ಗೊತ್ತಾಯಿತು. ಖರ್ಚು ಕಡಿಮೆ ಇದ್ದಷ್ಟೂ ಬೇಡದ ಕ್ಲೈಂಟಿನ ಮುಂದೆ ತಲೆ ತಗ್ಗಿಸುವ ಸಂದರ್ಭ ಕಡಿಮೆ.

ಇಷ್ಟಪಟ್ಟು ಮಾಡೋದನ್ನೇ ದುಡಿಮೆ ಮಾಡಿಕೊಂಡರೆ ಖುಷಿ ಹೊರಟುಹೋಗುತ್ತಾ?

ಹೋಗಬಹುದು. ಈ ಭಯಕ್ಕೆ ಆಧಾರ ಇದೆ.

ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿತ್ರ ಬರೆಯುವುದೆಂದರೆ ಇಷ್ಟಪಡುವ, ಮೂರರಿಂದ ಐದು ವರ್ಷದ ಮಕ್ಕಳು. ಕೆಲವರಿಗೆ 'ಚಿತ್ರ ಬರೆದರೆ ಬಹುಮಾನದ ಸರ್ಟಿಫಿಕೇಟ್ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಯಾರು ತಾವಾಗಿಯೇ ಪೆನ್ನು ಹಿಡಿಯುತ್ತಾರೆ ಎಂದು ನೋಡಿದರು. ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟಿತ್ತು. ಅಚಾನಕ್ಕಾಗಿ ಬಹುಮಾನ ಸಿಕ್ಕ ಮಕ್ಕಳಿಗೆ ಆಸಕ್ತಿ ಕಡಿಮೆಯಾಗಿರಲಿಲ್ಲ.

ದೊಡ್ಡವರ ಕಥೆಯೂ ಬೇರೆಯಲ್ಲ. ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 72 ಬರಹಗಾರರಿದ್ದರು. ಎಲ್ಲರೂ ಒಂದು ಪುಟ್ಟ ಪದ್ಯ ಬರೆದರು. ಆಮೇಲೆ ಕೆಲವರಿಗೆ ಹಣ, ಹೆಸರು, ಬೇರೆಯವರ ಮೆಚ್ಚುಗೆ ಇಂಥ ಕಾರಣಗಳನ್ನು ಯೋಚಿಸಲು ಹೇಳಿದರು, ಬರೀ ಕೆಲವೇ ನಿಮಿಷ. ಅವರ ಎರಡನೇ ಪದ್ಯಕ್ಕೆ, ಕವಿಗಳೇ ಇದ್ದ ತೀರ್ಪುಗಾರರು ಕಡಿಮೆ ಅಂಕ ಕೊಟ್ಟರು. ಯಾರ ಪದ್ಯ ಯಾವುದು ಅಂತ ತೀರ್ಪುಗಾರರಿಗೆ ಗೊತ್ತಿರಲಿಲ್ಲ.

ಹಾಗಂತ ಹಣ ಕೆಟ್ಟದ್ದಲ್ಲ. ಕೈಯಲ್ಲಿ ಪೆನ್ಸಿಲ್ ಇರುವಾಗ ತಲೆಯಲ್ಲಿ ಹಣ ಇರಬಾರದು, ಅಷ್ಟೇ. ಅದಕ್ಕೇ ನಾನು ಹಣದ ಮಾತನ್ನೆಲ್ಲ ಕೆಲಸ ಶುರುವಾಗುವ ಮುಂಚೆ ಮುಗಿಸಿಬಿಡುತ್ತೇನೆ. ಇನ್ನೊಂದು ಅಭ್ಯಾಸವೂ ಇದೆ. ಮಾರುವುದಕ್ಕಲ್ಲದ, ಯಾರಿಗೂ ತೋರಿಸುವುದಕ್ಕೂ ಅಲ್ಲದ ಒಂದು ಸ್ಕೆಚ್‌ಬುಕ್ ನನ್ನ ಹತ್ತಿರ ಸದಾ ಇರುತ್ತದೆ. ಅದರಲ್ಲಿ ಬಸ್ಸಿನಲ್ಲಿ ತೂಕಡಿಸುವವರ ಕೈಗಳಿವೆ. ಬರೀ ಕೈಗಳು. ಯಾಕೆ ಬರೆಯುತ್ತೇನೆ ಅಂದರೆ ಹೇಳಲು ಕಾರಣವೇ ಇಲ್ಲ, ಸುಮ್ನೆ ಬರೆಯುತ್ತೇನೆ.

ಒಪ್ಪದ ಕೆಲಸ ಬಂದಾಗ 'ಬೇಡ' ಅನ್ನೋದು ಹೇಗೆ? ಸಂಬಂಧ ಕೆಡುತ್ತೆ ಅಲ್ವಾ?

ಬೇಗ ಹೇಳಿದರೆ ಕೆಡುವುದಿಲ್ಲ. ಹತ್ತು ದಿನ ಎಳೆದು ಹೇಳಿದರೆ ಕೆಡುತ್ತದೆ. ನಾನು ಕಳಿಸುವ ಉತ್ತರ ಹೀಗಿರುತ್ತದೆ: 'ನನ್ನನ್ನು ನೆನಪಿಸಿಕೊಂಡಿದ್ದಕ್ಕೆ ಧನ್ಯವಾದ. ಈ ಬಗೆಯ ಜಾಹೀರಾತಿಗೆ ನಾನು ಚಿತ್ರ ಬರೆಯುವುದಿಲ್ಲ. ಬೇರೆ ಕೆಲಸ ಇದ್ದರೆ ಖಂಡಿತ ತಿಳಿಸಿ.' ಇಷ್ಟೇ. ಮೈ ಹುಷಾರಿಲ್ಲ, ಬಿಡುವಿಲ್ಲ ಅಂತ ನೆಪ ಹೇಳಬೇಡಿ. ಮುಂದಿನ ತಿಂಗಳು ಅದೇ ಕೆಲಸ ಮತ್ತೆ ಬಾಗಿಲಿಗೆ ಬರುತ್ತದೆ. ಉಪದೇಶವನ್ನೂ ಮಾಡಬೇಡಿ. ಕೇಳಿದವರಿಗೂ ಮನೆ ಇದೆ, ಬಾಡಿಗೆ ಇದೆ.

ಎಲ್ಲದಕ್ಕೂ ಬೇಡ ಅಂದರೆ ಊಟಕ್ಕೇನು ಮಾಡೋದು?

ಎಲ್ಲದಕ್ಕೂ ಬೇಡ ಅನ್ನಬೇಕಿಲ್ಲ. ಬೇಸರದ ಕೆಲಸ ಬೇರೆ, ತಪ್ಪು ಅನ್ನಿಸುವ ಕೆಲಸ ಬೇರೆ. ಈ ಎರಡನ್ನು ಕಲಸಿಬಿಟ್ಟರೆ ತೊಂದರೆ.

ನೀರಿನ ಪಂಪಿನ ಕೈಪಿಡಿಗೆ ನಲವತ್ತು ಚಿತ್ರ ಬರೆದಿದ್ದೇನೆ. ಯಾವ ನಟ್ಟು ಎಲ್ಲಿ, ಯಾವ ವಾಷರ್ ಯಾವ ಕಡೆಗೆ. ಬೇಸರ ಬಂದದ್ದು ನಿಜ. ಆದರೆ ಯಾರೋ ಒಬ್ಬರು ಅದನ್ನು ನೋಡಿಕೊಂಡು ಪಂಪು ಸರಿ ಮಾಡಿಕೊಂಡಿರುತ್ತಾರೆ. ಅಲ್ಲಿ ಸಹಿ ಹಾಕಲು ಜಾಗ ಇರಲಿಲ್ಲ, ಇದ್ದಿದ್ದರೆ ಹಾಕುತ್ತಿದ್ದೆ. ಇಂಥ ಕೆಲಸ ಎಷ್ಟು ಬಂದರೂ ಮಾಡಿ. ಬೇಸರದ ಕೆಲಸವನ್ನು ಮೌಲ್ಯದ ಹೆಸರಿನಲ್ಲಿ ಬಿಡುವುದು ಸರಿಯಲ್ಲ. ನಿಮ್ಮ ಗೆರೆ ಎಲ್ಲಿದೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಮೂರು ನಾಲ್ಕು ಸಾಲು ಸಾಕು. ಕಷ್ಟದ ತಿಂಗಳಲ್ಲಿ ಕೂತು ಗೆರೆ ಎಳೆಯಲು ಹೋದರೆ ಕೈ ನಡುಗುತ್ತದೆ.

'ಹಣ ಇಲ್ಲ, ಆದರೆ ನಿಮಗೆ ಹೆಸರು ಬರುತ್ತೆ' ಅಂತಾರೆ. ಮಾಡಲಾ?

ಕೇಳುವವರು ಅದರಿಂದ ಹಣ ಮಾಡುತ್ತಿದ್ದರೆ ಬೇಡ. ಅವರೂ ಪುಕ್ಕಟೆಯಾಗಿ ದುಡಿಯುತ್ತಿದ್ದು, ಆ ಕೆಲಸ ನಿಮಗೂ ಬೇಕು ಅನ್ನಿಸಿದರೆ ಧಾರಾಳವಾಗಿ ಮಾಡಿ. ಹೆಸರಿಗಾಗಿ ಮಾತ್ರ ಮಾಡಬೇಡಿ.

ಅಗ್ರಿಮೆಂಟಿನಲ್ಲಿ ಏನು ನೋಡಬೇಕು?

ಮೌಲ್ಯದ ಮಾತಿನ ಮಧ್ಯೆ ಅಗ್ರಿಮೆಂಟ್ ಯಾಕೆ ಅನ್ನಿಸಬಹುದು. ನಿಮ್ಮ ಮೌಲ್ಯ ಉಳಿಯುವುದೋ ಹೋಗುವುದೋ ಆ ಕಾಗದದಲ್ಲೇ.

ಮೊದಲು ನೋಡಬೇಕಾದ್ದು, ಹಕ್ಕನ್ನು ಪೂರ್ತಿ ಬರೆದುಕೊಡುತ್ತಿದ್ದೀರಾ, ಬಳಸಲು ಅನುಮತಿ ಮಾತ್ರ ಕೊಡುತ್ತಿದ್ದೀರಾ ಅನ್ನುವುದು. ಪೂರ್ತಿ ಬರೆದುಕೊಟ್ಟರೆ ಮಕ್ಕಳ ಪುಸ್ತಕಕ್ಕೆ ಬರೆದ ಚಿತ್ರ ನಾಳೆ ಯಾವ ಡಬ್ಬಿಯ ಮೇಲೆ ಬೇಕಾದರೂ ಬರಬಹುದು, ಕೇಳುವ ಹಕ್ಕು ನಿಮಗಿರುವುದಿಲ್ಲ. ಅನುಮತಿ ಆದರೆ ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಯಾವ ರೂಪದಲ್ಲಿ ಅಂತ ಬರೆಸಬಹುದು. ಅಮೆರಿಕದ ವ್ಯಂಗ್ಯಚಿತ್ರಕಾರ ಬಿಲ್ ವಾಟರ್ಸನ್ ಒಬ್ಬ ಹುಡುಗ ಮತ್ತು ಹುಲಿಯ ಕಥೆಯಾದ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಚಿತ್ರಸರಣಿಯನ್ನು 1985ರಿಂದ 1995ರವರೆಗೆ ಬರೆದರು. ಆ ಪಾತ್ರಗಳನ್ನು ಗೊಂಬೆ, ಟೀ ಶರ್ಟ್ ಮಾಡಿ ಮಾರಲು ಅವರು ಒಪ್ಪಲಿಲ್ಲ. ಮಾಡಿದ್ದರೆ ಅಪಾರ ಹಣ ಬರುತ್ತಿತ್ತು. ಆದರೆ ಮೊದಲ ಅಗ್ರಿಮೆಂಟಿನಲ್ಲಿ ಆ ಹಕ್ಕು ಅವರ ಕೈಯಲ್ಲಿ ಇರಲಿಲ್ಲ. ವರ್ಷಗಟ್ಟಲೆ ಹೋರಾಡಿ ಅದನ್ನು ವಾಪಸ್ ಪಡೆಯಬೇಕಾಯಿತು.

ಎರಡನೆಯದು ಹೆಸರು. ಕೃತಿಗಳ ಹಕ್ಕಿನ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಒಂದು ಭಾಗ ಸೇರಿಸಿದರು. ಹಕ್ಕು ಮಾರಿದ ಮೇಲೂ 'ಇದು ನನ್ನ ಕೃತಿ' ಅನ್ನುವ ಹಕ್ಕು ಕಲಾವಿದರದ್ದೇ, ತಮ್ಮ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರದ್ದು ಅಂತ. ಒಂದೊಂದು ದೇಶದಲ್ಲಿ ಇದರ ಬಲ ಒಂದೊಂದು ರೀತಿ. ಆದ್ದರಿಂದ ಅಗ್ರಿಮೆಂಟಿನಲ್ಲೂ ಬರೆಸಿಕೊಳ್ಳುವುದು ಒಳ್ಳೆಯದು.

ಉಳಿದದ್ದು ಚಿಕ್ಕ ಮಾತು. ಅಡ್ವಾನ್ಸ್ ಎಷ್ಟು, ಎಷ್ಟು ಸಲ ಕರೆಕ್ಷನ್, ಕೆಲಸ ಅರ್ಧದಲ್ಲಿ ನಿಂತರೆ ಎಷ್ಟು ಕೊಡುತ್ತಾರೆ. ಬಾಯಿಮಾತಿನಲ್ಲಿ ಮುಗಿದಿದ್ದರೂ ಅವತ್ತೇ ಒಂದು ಇಮೇಲ್ ಬರೆದು ಕಳಿಸಿ.

ಮನೆಯವರು ಒಪ್ಪುತ್ತಿಲ್ಲ.

ಅವರ ಭಯ ಕಲೆಯ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಕನಸಿನ ಮಾತನ್ನು ಎಷ್ಟು ಹೇಳಿದರೂ ಆ ಭಯ ಹೋಗುವುದಿಲ್ಲ. ಲೆಕ್ಕ ತೋರಿಸಿದರೆ ಸ್ವಲ್ಪ ಹೋಗುತ್ತದೆ. ನಾನು ಅಪ್ಪನ ಮುಂದೆ ಒಂದು ಹಾಳೆ ಇಟ್ಟೆ. ತಿಂಗಳ ಖರ್ಚು, ಕೈಯಲ್ಲಿರುವ ಹಣ, ಎಷ್ಟು ತಿಂಗಳು ನಡೆಯುತ್ತದೆ, ನಡೆಯದಿದ್ದರೆ ಯಾವ ತಿಂಗಳಲ್ಲಿ ಮತ್ತೆ ನೌಕರಿ ಹುಡುಕುತ್ತೇನೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ಆಸ್ಪತ್ರೆ ಖರ್ಚು ಬರೆದಿಲ್ಲವಲ್ಲಮ್ಮ' ಅಂದರು. ಬರೆದೆ. ಅದಾದ ಮೇಲೆ ಅವರು ಮತ್ತೆ ಬೇಡ ಅನ್ನಲಿಲ್ಲ.

ಮನೆಯವರಿಂದ ಸಹಾಯ ಪಡೆಯುವುದು ಅವಮಾನ ಅಂದುಕೊಳ್ಳಬೇಡಿ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಬದುಕಿದ್ದು ತಮ್ಮ ಥಿಯೋ ಕಳಿಸುತ್ತಿದ್ದ ಹಣದಿಂದ. 1884ರಲ್ಲಿ ಅವರು ತಮ್ಮನಿಗೆ ಒಂದು ಮಾತು ಮುಂದಿಟ್ಟರು: ನಾನು ಚಿತ್ರಗಳನ್ನು ನಿನಗೆ ಕಳಿಸುತ್ತೇನೆ, ನೀನು ಕಳಿಸುವ ಹಣವನ್ನು ಅವುಗಳ ಬೆಲೆ ಎಂದು ಲೆಕ್ಕ ಹಾಕೋಣ. ಈ ಮಾತು ನನಗೆ ಬಹಳ ಇಷ್ಟ. ತೆಗೆದುಕೊಳ್ಳುವವರೂ ಕೊಡುವವರೂ ಇಬ್ಬರೂ ಒಂದೇ ಕೆಲಸದಲ್ಲಿ ಪಾಲುದಾರರಾದರು.

ವಯಸ್ಸಾಯಿತು. ಈಗ ಶುರುಮಾಡಬಹುದಾ?

ಮಾಡಬಹುದು. ವ್ಯಾನ್ ಗೋ ಕಲಾವಿದನಾಗಲು ತೀರ್ಮಾನಿಸಿದಾಗ ವಯಸ್ಸು 27. ಅಮೆರಿಕದಲ್ಲಿ 'ಗ್ರ್ಯಾಂಡ್ಮಾ ಮೋಸೆಸ್' ಎಂದು ಹೆಸರಾದ ಅಜ್ಜಿ ಮನಸ್ಸಿಟ್ಟು ಚಿತ್ರ ಬರೆಯಲು ಕೂತದ್ದು ಎಪ್ಪತ್ತು ದಾಟಿದ ಮೇಲೆ.

ಸೋಷಿಯಲ್ ಮೀಡಿಯಾದಲ್ಲಿ ಇರಲೇಬೇಕಾ? ನನಗೆ ಅದು ಹಿಂಸೆ.

ಕೆಲಸ ಎಲ್ಲಾದರೂ ನಾಲ್ಕು ಜನರ ಕಣ್ಣಿಗೆ ಬೀಳಬೇಕು, ಅದಂತೂ ನಿಜ. ಆದರೆ ದಿನಾ ಅಲ್ಲೇ ಕೂರಬೇಕಿಲ್ಲ. ನನಗೆ ಬಂದ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ಹಿಂದೆ ಜೊತೆಗೆ ಕೆಲಸ ಮಾಡಿದವರ ಮೂಲಕ ಬಂದವು. ಹತ್ತು ಸಂಪಾದಕರಿಗೆ ವರ್ಷಕ್ಕೆರಡು ಸಲ ಹೊಸ ಚಿತ್ರಗಳನ್ನು ಇಮೇಲ್ ಮಾಡುತ್ತೇನೆ, ಒಂದೊಂದಕ್ಕೂ ಬೇರೆ ಬೇರೆ ಎರಡು ಸಾಲು ಬರೆದು. ಲೈಕು ಬೀಳುವ ಚಿತ್ರ ಯಾವುದು ಅಂತ ನೋಡಿ ಅದರಂತೆಯೇ ಬರೆಯಲು ಶುರುಮಾಡಿದ್ದೀರಿ ಅನ್ನಿಸಿದರೆ ಒಂದು ತಿಂಗಳು ಬಿಟ್ಟುನೋಡಿ.

ಎಐ ಬಂದಿದೆ. ಈಗ ಮೌಲ್ಯ ಅಂತ ಕೂತರೆ ನಡೆಯುತ್ತಾ?

ಕೆಲವು ಕೆಲಸ ಹೋಗುತ್ತದೆ, ಹೋಗುತ್ತಿದೆ. ಬಳಸಬೇಕೋ ಬೇಡವೋ ನೀವೇ ತೀರ್ಮಾನಿಸಿ. ಆದರೆ ಬಳಸಿದರೆ ಕ್ಲೈಂಟಿಗೆ ಹೇಳಿ. ಮುಚ್ಚಿಡಬೇಕು ಅನ್ನಿಸಿದರೆ, ಯಾಕೆ ಹಾಗನ್ನಿಸಿತು ಅಂತ ಮೂರು ಸಾಲಿನ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾನು ನನ್ನ ಚಿತ್ರಕ್ಕೆ ಬಳಸುವುದಿಲ್ಲ. ಗೆರೆ ಎಳೆಯುವಾಗಲೇ ನನಗೆ ಯೋಚನೆ ಹುಟ್ಟುವುದು, ಅದನ್ನು ಬಿಟ್ಟುಕೊಡಲು ಇಷ್ಟವಿಲ್ಲ.

ಹಿಂದೆ ಮಾಡಿದ ಕೆಲಸದ ಬಗ್ಗೆ ಈಗ ನಾಚಿಕೆ ಆಗುತ್ತೆ. ಏನು ಮಾಡಲಿ?

ಪೋರ್ಟ್‌ಫೋಲಿಯೊದಿಂದ, ಅಂದರೆ ಬೇರೆಯವರಿಗೆ ತೋರಿಸುವ ಕೆಲಸಗಳ ಸಂಗ್ರಹದಿಂದ ತೆಗೆಯಿರಿ. ಯಾರಾದರೂ ಕೇಳಿದರೆ ನಾನೇ ಮಾಡಿದ್ದು ಅಂತ ಒಪ್ಪಿಕೊಳ್ಳಿ. ಮಗಳು ದೊಡ್ಡವಳಾದ ಮೇಲೆ ಆ ಐದು ಮುಖಗಳನ್ನು ನಾನೇ ಅವಳಿಗೆ ತೋರಿಸಿದೆ. ಅವಳು ತುಂಬ ಹೊತ್ತು ನೋಡಿ, 'ಅಮ್ಮ, ಮೊದಲನೆಯವಳನ್ನೇ ಚೆನ್ನಾಗಿ ಬರೆದಿದ್ದೀಯ' ಅಂದಳು.

ಆಮೇಲಿನ ಕೆಲಸದಲ್ಲಿ ಏನು ಮಾಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಮಕ್ಕಳ ಪುಸ್ತಕದಲ್ಲಿ ಕಪ್ಪು ಮೈಬಣ್ಣ ಅಚ್ಚಾಗುವಾಗ ಬೇಗ ಕೆಡುತ್ತದೆ. ಕಪ್ಪು ಶಾಯಿ ಸ್ವಲ್ಪ ಜಾಸ್ತಿಯಾದರೂ ಮುಖ ಮಂಕಾಗಿ, ಮಸಿ ಬಳಿದಂತೆ ಕಾಣುತ್ತದೆ. ಹಾಗಾಗಿ ನಾನು ಕಪ್ಪು ಶಾಯಿಯನ್ನು ಆದಷ್ಟು ದೂರ ಇಡುತ್ತೇನೆ. ಹಳದಿ, ಕೆಂಪು, ಅದಕ್ಕೆ ಬೇಕಾದಷ್ಟು ನೀಲಿ ಸೇರಿಸಿ ಕಂದು ಬಣ್ಣ ಮಾಡುತ್ತೇನೆ. ಅಚ್ಚಿಗೆ ಹೋಗುವ ಮುಂಚೆ ಅದೇ ಕಾಗದದ ಮೇಲೆ ಪ್ರೂಫ್ (ಪರೀಕ್ಷೆಯ ಪ್ರತಿ) ತೆಗೆಸಿ, ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ಹಿಡಿದು ನೋಡುತ್ತೇನೆ. ಹೋದ ಪುಸ್ತಕಕ್ಕೆ ಮೂರು ಸಲ ವಾಪಸ್ ಕಳಿಸಿದೆ. ನಾಲ್ಕನೇ ಸಲ ಹುಡುಗಿಯ ಕೆನ್ನೆ ಸರಿಯಾಗಿ ಬಂತು.